ಆರದ ಬ್ಯಾಟರಿ ದೀಪ: ಡ್ಯಾಶ್‌ಬೋರ್ಡ್ ಬಲ್ಬು ಬದಲಿಸಿದ ನನ್ನ ಅನುಭವ

ಸ್ಪೀಡೋಮೀಟರಿನಲ್ಲಿ 60ರಿಂದ 100ರವರೆಗಿನ ಅಂಕಿಗಳು ಕತ್ತಲಾಗಿ ಎರಡು ತಿಂಗಳಾಗಿತ್ತು. ರಾತ್ರಿ ಹೊತ್ತು ಅಷ್ಟು ಜೋರಾಗಿ ಹೋಗುವವನು ನಾನಲ್ಲ, ಹಾಗಾಗಿ ಸುಮ್ಮನಿದ್ದೆ. ಆಮೇಲೊಂದು ದಿನ ಪೆಟ್ರೋಲ್ ಮುಳ್ಳಿನ ಕಡೆಯ ಬೆಳಕೂ ಹೋಯಿತು. ಟ್ಯಾಂಕಿನಲ್ಲಿ ಎಷ್ಟಿದೆಯೆಂದು ನೋಡಲು ಎದುರು ಬರುವ ಗಾಡಿಯ ಹೆಡ್‌ಲೈಟಿಗೆ ಕಾಯುವ ಪರಿಸ್ಥಿತಿ ಬಂದ ಮೇಲೆ ಸ್ಕ್ರೂಡ್ರೈವರ್ ಕೈಗೆತ್ತಿಕೊಂಡೆ.

ನನ್ನದು ಹಳೆಯ ಕಾರು, ಮೀಟರಿನ ಹಿಂದೆ ಬಿಚ್ಚಿ ಹಾಕಬಹುದಾದ ಬಲ್ಬುಗಳಿರುತ್ತಿದ್ದ ಕಾಲದ್ದು. ಈಚಿನ ಬಹಳಷ್ಟು ಕಾರುಗಳಲ್ಲಿ ಪುಟ್ಟ ಎಲ್‌ಇಡಿಗಳನ್ನು ಸರ್ಕ್ಯೂಟ್ ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಅಂಥ ಕಾರಿನವರಿಗೆ ಈ ಬರಹದಿಂದ ಹೆಚ್ಚು ಉಪಯೋಗವಿಲ್ಲ.

ಬ್ಯಾಟರಿಯ ನೆಗೆಟಿವ್ ವೈರು ಬಿಚ್ಚಿ, ಸ್ಟೀರಿಂಗಿನ ಮೇಲಿನ ಪ್ಲಾಸ್ಟಿಕ್ ಚೌಕಟ್ಟು ತೆಗೆದು, ಹಿಂದೆ ಕೈ ಹಾಕಿ ಸ್ಪೀಡೋಮೀಟರ್ ಕೇಬಲ್ ಕಳಚಿದ್ದಾಯಿತು. ಮೀಟರಿನ ಪೆಟ್ಟಿಗೆಯನ್ನು ಹಳೆಯ ಟವೆಲ್ ಮೇಲೆ ಬೋರಲು ಹಾಕಿದೆ. ಹಿಂಬದಿಯಲ್ಲಿ ನೀಲಿ ಬಣ್ಣದ ತೆಳ್ಳನೆಯ ಪ್ಲಾಸ್ಟಿಕ್ ಹಾಳೆ, ಅದರೊಳಗೆ ತಾಮ್ರದ ಗೆರೆಗಳು, ಅಲ್ಲಲ್ಲಿ ಕಾಲು ಸುತ್ತು ತಿರುಗಿಸಿ ತೆಗೆಯುವ ಹೋಲ್ಡರುಗಳು. ಈ ಹಾಳೆಯ ಮೇಲೆ ಕೈ ಹಗುರವಾಗಿರಬೇಕು. ಹೋಲ್ಡರನ್ನು ಇಕ್ಕಳದಲ್ಲಿ ಹಿಡಿದು ತಿರುಚಿದರೆ ತಾಮ್ರದ ಗೆರೆ ಎದ್ದು ಬರುತ್ತದೆ. ಆಗ ಬಲ್ಬಿನ ಚಿಂತೆ ಹೋಗಿ ಇಡೀ ಮೀಟರಿನ ಚಿಂತೆ ಶುರುವಾಗುತ್ತದೆ.

ಒಟ್ಟು 11 ಬಲ್ಬುಗಳಿದ್ದವು. ಎಲ್ಲವೂ ಲೋಹದ ಬುಡವಿಲ್ಲದ, ಗಾಜಿನ ಚಪ್ಪಟೆ ಬುಡವನ್ನು ಹಾಗೇ ಒತ್ತಿ ಕೂರಿಸುವ ಕ್ಯಾಪ್‌ಲೆಸ್ ಬಲ್ಬುಗಳು. ಐದು ದಪ್ಪನೆಯವು, ಆರು ಸಣ್ಣವು. ದಪ್ಪನೆಯ ನಾಲ್ಕು ಮೀಟರಿನ ಮುಖಕ್ಕೆ ಬೆಳಕು ಕೊಡುವಂಥವು. ಸಣ್ಣ ಆರೂ ಎಚ್ಚರಿಕೆ, ಸೂಚನೆಯ ದೀಪಗಳು: ಆಯಿಲ್, ಹ್ಯಾಂಡ್‌ಬ್ರೇಕ್, ಹೈ ಬೀಮ್, ಇಂಡಿಕೇಟರ್ ಇತ್ಯಾದಿ. ಉಳಿದ ಒಂದು ದಪ್ಪ ಬಲ್ಬು ಬ್ಯಾಟರಿ ಚಿತ್ರದ ಹಿಂದಿತ್ತು. ಎಚ್ಚರಿಕೆಯ ದೀಪಗಳೆಲ್ಲ ಸಣ್ಣವಿರುವಾಗ ಇದೊಂದಕ್ಕೆ ಮಾತ್ರ ದೊಡ್ಡ ಬಲ್ಬು ಯಾಕೆ? ಆವತ್ತು ಈ ಪ್ರಶ್ನೆ ತಲೆಗೆ ಬರಲೇ ಇಲ್ಲ. ಬಂದಿದ್ದರೆ ಮೂರು ವಾರ ಉಳಿಯುತ್ತಿತ್ತು.

ಹೋದ ಬಲ್ಬನ್ನು ಕಂಡುಹಿಡಿಯುವುದು ಸುಲಭ. ಗಾಜಿನ ಒಳಮೈಗೆ ಕನ್ನಡಿಯಂತೆ ಹೊಳೆಯುವ ಕಪ್ಪು ಹಿಡಿದಿರುತ್ತದೆ. ಫಿಲಮೆಂಟಿನ ಟಂಗ್‌ಸ್ಟನ್ ಆವಿಯಾಗಿ ಗಾಜಿಗೆ ಅಂಟಿದ್ದು ಅದು. ಒಂದು ಬಲ್ಬು ಹಾಗೇ ಕಪ್ಪಾಗಿತ್ತು. ಪೆಟ್ರೋಲ್ ಮುಳ್ಳಿನ ಕಡೆಯದು ಮಾತ್ರ ಸ್ವಚ್ಛವಾಗಿತ್ತು. ಮಲ್ಟಿಮೀಟರ್ ಹಿಡಿದರೆ 4 ಚಿಲ್ಲರೆ ಓಂ ತೋರಿಸಿತು. 12 ವೋಲ್ಟಿನ 3 ವ್ಯಾಟ್ ಬಲ್ಬಿಗೆ ಲೆಕ್ಕದ ಪ್ರಕಾರ 48 ಓಂ ಬರಬೇಕಲ್ಲ ಎಂದು ಒಂದು ಕ್ಷಣ ಗಾಬರಿಯಾಯಿತು. ಆದರೆ ಆ 48 ಫಿಲಮೆಂಟು ಕೆಂಪಗೆ ಕಾದಾಗಿನ ಲೆಕ್ಕ. ತಣ್ಣಗಿರುವಾಗ ಅದರ ಹತ್ತನೇ ಒಂದು ಭಾಗದ ಆಸುಪಾಸು ಬಂದರೆ ಸರಿಯೇ. ಅಂದರೆ ಬಲ್ಬು ಚೆನ್ನಾಗಿಯೇ ಇತ್ತು, ಹೋಲ್ಡರಿನ ತಗಡಿಗೆ ಕಿಲುಬು ಹಿಡಿದಿತ್ತು. ಪೆನ್ಸಿಲ್ ರಬ್ಬರಿನಿಂದ ಉಜ್ಜಿದೆ, ಬುಡದಲ್ಲಿ ಮಡಚಿಕೊಂಡಿದ್ದ ಕೂದಲೆಳೆಯಂಥ ಎರಡು ತಂತಿಗಳನ್ನು ಸೂಜಿಯಿಂದ ತುಸು ಎಬ್ಬಿಸಿದೆ, ಹತ್ತಿಕೊಂಡಿತು. ಹೊಸ ಬಲ್ಬು ಕೊಳ್ಳುವ ಮೊದಲು ಇಷ್ಟು ಮಾಡಿ ನೋಡುವುದು ಒಳ್ಳೆಯದು.

ಆದರೂ ನಾಲ್ಕನ್ನೂ ಒಟ್ಟಿಗೆ ಬದಲಿಸಲು ತೀರ್ಮಾನಿಸಿದೆ. ಮೂರು ಹಳತರ ನಡುವೆ ಒಂದು ಹೊಸದನ್ನು ಕೂರಿಸಿದರೆ ಹಳೆ ಪಂಚೆಗೆ ಹಾಕಿದ ಹೊಸ ತೇಪೆಯ ಹಾಗೆ ಕಾಣುತ್ತದೆ. ಮೇಲಾಗಿ ನಾಲ್ಕೂ ಒಂದೇ ವಯಸ್ಸಿನವು. ಒಂದು ಹೋಯಿತೆಂದರೆ ಉಳಿದವೂ ಸರದಿಯಲ್ಲಿ ನಿಂತಿವೆ ಎಂದೇ ಅರ್ಥ.

ಅಳತೆಯ ವಿಚಾರ ಇಷ್ಟೇ. ದಪ್ಪನೆಯದಕ್ಕೆ ಟಿ10 ಎನ್ನುತ್ತಾರೆ, ಸಣ್ಣದಕ್ಕೆ ಟಿ5. ಅಂಕಿ ಹೇಳುವುದು ಗಾಜಿನ ವ್ಯಾಸವನ್ನು, ಸುಮಾರು ಮಿಲಿಮೀಟರ್ ಲೆಕ್ಕದಲ್ಲಿ. ಅಮೆರಿಕದ ಲೆಕ್ಕದಲ್ಲಿ ಅದೇ ಅಕ್ಷರದ ಮುಂದಿನ ಅಂಕಿ ವ್ಯಾಸವನ್ನು ಅಂಗುಲದ ಎಂಟನೇ ಭಾಗಗಳಲ್ಲಿ ಹೇಳುವುದರಿಂದ, ಅಲ್ಲಿಯ ಪಟ್ಟಿಯಲ್ಲಿ ಇದೇ ಟಿ10 ಬಲ್ಬು ಟಿ 3¼ ಆಗಿರುತ್ತದೆ. ಎರಡನ್ನೂ ಒಂದೇ ಪುಟದಲ್ಲಿ ನೋಡಿ ತಲೆ ಕೆಡಿಸಿಕೊಳ್ಳಬೇಡಿ. ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ.

ನಾನು ಹಿಡಿದುಕೊಂಡೇ ಹೋಗಿದ್ದೆ, ಆದರೂ ಎಡವಿದೆ. ಅಂಗಡಿಯವರು ಪಕ್ಕದಲ್ಲಿಟ್ಟು ನೋಡಿ ಅಂಥದ್ದೇ ನಾಲ್ಕು ಮೀಟರ್ ಬಲ್ಬು ಕೊಟ್ಟರು. ಗಾಜು ಅದೇ, ಬುಡ ಅದೇ, ಹೋಲ್ಡರಿಗೆ ಹೂವಿನಂತೆ ಕೂತವು. ರಾತ್ರಿ ಹಚ್ಚಿದರೆ ಮೀಟರು ಜಗಮಗ. ಹೊಸತಲ್ಲವೇ, ಅದಕ್ಕೇ ಇಷ್ಟು ಬೆಳಕು ಎಂದು ಹಿಗ್ಗಿದೆ. ಮೂರನೆಯ ದಿನ ಬೆಳಕು ಹೆಚ್ಚು ಕಮ್ಮಿ ಮಾಡುವ ಡಿಮ್ಮರ್ ತಿರುಪು ಮುಟ್ಟಿದರೆ ಬಿಸಿ. ಕಾರಿನೊಳಗೆ ಕಾದ ಪ್ಲಾಸ್ಟಿಕ್ಕಿನ ವಾಸನೆ. ಮತ್ತೆ ಬಿಚ್ಚಿದೆ. ಬಲ್ಬಿನ ಬುಡದ ಗಾಜಿನ ಮೇಲೆ ಸಣ್ಣಗೆ ಬರೆದಿದ್ದನ್ನು ಮೊಬೈಲಿನಲ್ಲಿ ಫೋಟೋ ತೆಗೆದು ಹಿಗ್ಗಿಸಿ ನೋಡಿದರೆ 12 ವೋಲ್ಟ್ 5 ವ್ಯಾಟ್. ಹಳೆಯದರ ಮೇಲೆ ಇದ್ದದ್ದು 3 ವ್ಯಾಟ್. ಎರಡರ ಬುಡವೂ ಒಂದೇ ಆದದ್ದರಿಂದ ಒಂದರ ಜಾಗದಲ್ಲಿ ಇನ್ನೊಂದು ತಕರಾರಿಲ್ಲದೆ ಕೂರುತ್ತದೆ. ಬೆಳಕಿನಲ್ಲಿ ಮಾತ್ರ ಅಜಗಜಾಂತರ: ಮಾನಕದ ಪ್ರಕಾರ 3 ವ್ಯಾಟಿನದು 22 ಲೂಮೆನ್, 5 ವ್ಯಾಟಿನದು 50.

ನಾಲ್ಕು ಬಲ್ಬಿಗೆ 12 ವ್ಯಾಟ್ ಇದ್ದದ್ದು 20 ಆಗಿತ್ತು. ಅಂದರೆ ಡಿಮ್ಮರಿನ ಸುರುಳಿಯಲ್ಲಿ 1 ಆಂಪಿಯರ್ ಹರಿಯುತ್ತಿದ್ದ ಕಡೆ ಸುಮಾರು 1.7. ಸುರುಳಿಯಲ್ಲಿ ಹುಟ್ಟುವ ಶಾಖ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ ಅದು ಎರಡು ಪಟ್ಟನ್ನೂ ದಾಟಿತ್ತು. ಮೀಟರಿನ ಒಳಗಿನ ಬಿಳಿ ಗೋಡೆಯಲ್ಲಿ, ಬಲ್ಬಿನ ನೇರಕ್ಕೆ, ದೊಡ್ಡ ಬೊಟ್ಟಿನಷ್ಟು ಜಾಗ ಕಂದು ತಿರುಗಿತ್ತು. ಮೂಗಿಗಿಂತ ಮೂಗುತಿ ಭಾರವಾದರೆ ಹೀಗೇ ಆಗುವುದು. ಆ ಕಂದು ಕಲೆ ಈಗಲೂ ಇದೆ.

ಅಂಗಡಿಗೆ ಎರಡನೆಯ ಸಲ ಹೋದಾಗ ವ್ಯಾಟ್ ಹೇಳಿಯೇ ಕೇಳಿದೆ. ನಾಲ್ಕರಲ್ಲಿ ಒಂದು ಮಂಕಾಗಿ, ಕೆಂಡದ ಬಣ್ಣದಲ್ಲಿ ಉರಿಯಿತು. ನೋಡಿದರೆ ಅದು ಲಾರಿಗೆ ಹಾಕುವ 24 ವೋಲ್ಟಿನದು, ಡಬ್ಬಿಯಲ್ಲಿ ಹೇಗೋ ಸೇರಿಕೊಂಡಿತ್ತು. ಆವತ್ತಿನಿಂದ ಬುಡದ ಬರಹ ಓದದೆ ಒಂದು ಬಲ್ಬನ್ನೂ ಒಳಗೆ ಬಿಟ್ಟುಕೊಂಡಿಲ್ಲ.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಪದೇ ಪದೇ ಬಿಚ್ಚುವ ರಗಳೆಯೇ ಬೇಡ, ಎಲ್‌ಇಡಿ ಹಾಕಿಬಿಟ್ಟರೆ ಕಾರು ಇರುವವರೆಗೂ ಚಿಂತೆಯಿಲ್ಲ ಎನ್ನಿಸಿತು. ಹನ್ನೊಂದಕ್ಕೂ ತಂದೆ. ಮುಖದ ಬೆಳಕಿಗೆ ಮೊದಲು ನೀಲಿಯದನ್ನು ಹಾಕಿ ನೋಡಿದೆ, ಚಪಲಕ್ಕೆ. ಅಂಕಿಗಳೆಲ್ಲ ಚಂದ ಕಂಡವು, ಮುಳ್ಳೇ ಮಾಯ! ನನ್ನ ಮೀಟರಿನ ಮುಳ್ಳು ಕೆಂಪು. ಕೆಂಪು ವಸ್ತು ಕೆಂಪಾಗಿ ಕಾಣಬೇಕಾದರೆ ಮೇಲೆ ಬೀಳುವ ಬೆಳಕಿನಲ್ಲಿ ಕೆಂಪು ಇರಬೇಕು. ನೀಲಿ ಎಲ್‌ಇಡಿಯಲ್ಲಿ ಅದು ಇಲ್ಲವೇ ಇಲ್ಲ, ಹಾಗಾಗಿ ಮುಳ್ಳು ಕಪ್ಪಗೆ ಕತ್ತಲಲ್ಲಿ ಸೇರಿಹೋಯಿತು. ಹಸಿರು ಹಾಕಿದರೂ ಇದೇ ಗತಿ.

ಬಿಳಿಯದು ಹಾಕಿದೆ. ಮುಳ್ಳು ಬಂತು, ಆದರೆ ಬೆಳಕು ಹರಡಲಿಲ್ಲ. ಫಿಲಮೆಂಟ್ ಬಲ್ಬು ಸುತ್ತಲೂ ಬೆಳಕು ಚೆಲ್ಲುತ್ತದೆ, ಮೀಟರಿನ ಒಳಗಿನ ಬಿಳಿ ಗೋಡೆಗಳು ಅದನ್ನು ಅತ್ತಿತ್ತ ಎರಚಿ ಮುಖದ ತುಂಬ ಹಂಚುತ್ತವೆ. ನಾನು ತಂದ ಎಲ್‌ಇಡಿ ತುದಿಯಿಂದ ಮುಂದಕ್ಕೆ ಮಾತ್ರ ಬೆಳಕು ಬಿಡುವಂಥದ್ದು. 40ರ ಹತ್ತಿರ ಒಂದು ಪ್ರಖರ ಚುಕ್ಕೆ, 120ರ ಹತ್ತಿರ ಇನ್ನೊಂದು, ನಡುವೆ ಮಬ್ಬು. ಬದಿಗಳಿಗೂ ಬೆಳಕು ಬಿಡುವ ಎಲ್‌ಇಡಿ ಸಿಗುತ್ತದೆ, ಹಾಕುವುದಾದರೆ ಅದನ್ನೇ ಹಾಕಬೇಕು. ಹಳೆಯ ಬಲ್ಬುಗಳಿಗೆ ತೊಡಿಸಿದ್ದ ಹಸಿರು ರಬ್ಬರ್ ಟೋಪಿಗಳು ಎಲ್‌ಇಡಿಯ ಚೌಕ ತಲೆಗೆ ಹಿಡಿಸಲಿಲ್ಲ ಎನ್ನುವುದು ಇನ್ನೊಂದು ಕಿರಿಕಿರಿ.

ಆ ರಾತ್ರಿ ಊರಿಗೆ ಹೊರಟಿದ್ದೆವು. ಅರ್ಧ ಗಂಟೆಯಾದ ಮೇಲೆ ಪಕ್ಕದಿಂದ ನನ್ನ ಹೆಂಡತಿ, “ರೀ, ಆ ಲೈಟು ಸ್ವಲ್ಪ ಕಮ್ಮಿ ಮಾಡ್ತೀರಾ? ಗಾಜಿನ ಮೇಲೆಲ್ಲ ಅದೇ ಕಾಣ್ತಿದೆ” ಎಂದಳು. ಡಿಮ್ಮರ್ ತಿರುಗಿಸಿದೆ. ಕೊನೆಯವರೆಗೂ ತಿರುಗಿಸಿದೆ. ಬೆಳಕು ಹೆಚ್ಚುಕಮ್ಮಿ ಇದ್ದ ಹಾಗೇ ಇತ್ತು.

ಇದಕ್ಕೂ ಕಾರಣವಿದೆ. ನನ್ನ ಕಾರಿನ ಡಿಮ್ಮರ್ ಹಳೇ ಮಾದರಿಯ ಸುರುಳಿ. ಬಲ್ಬುಗಳ ಕರೆಂಟು ಅದರ ಮೂಲಕ ಹರಿಯುವಾಗ ಒಂದಿಷ್ಟು ವೋಲ್ಟೇಜನ್ನು ತಾನು ನುಂಗುತ್ತದೆ. ಎಲ್‌ಇಡಿಗಳು ಎಳೆಯುವ ಕರೆಂಟು ಎಷ್ಟು ಅಲ್ಪವೆಂದರೆ ಸುರುಳಿಗೆ ನುಂಗಲು ಏನೂ ಸಿಗುವುದಿಲ್ಲ. ಸೆಕೆಂಡಿಗೆ ನೂರಾರು ಸಲ ಹಚ್ಚಿ ಆರಿಸಿ ಬೆಳಕು ತಗ್ಗಿಸುವ ಎಲೆಕ್ಟ್ರಾನಿಕ್ ಡಿಮ್ಮರ್ ಇರುವ ಕಾರಿನಲ್ಲಿ ಈ ತೊಂದರೆ ಅಷ್ಟಾಗಿ ಬರುವುದಿಲ್ಲ. ಅಂತೂ ಆವತ್ತು ದಾರಿಯುದ್ದಕ್ಕೂ ಮೀಟರಿನ ಮೇಲೆ ಕರ್ಚೀಫು ಹೊದಿಸಿಕೊಂಡೇ ಓಡಿಸಿದ್ದು.

ಇಂಡಿಕೇಟರಿನದ್ದು ಬೇರೆಯೇ ಕಥೆ. ನನ್ನ ಮೀಟರಿನಲ್ಲಿ ಎಡಕ್ಕೂ ಬಲಕ್ಕೂ ಸೇರಿ ಒಂದೇ ಬಾಣದ ದೀಪ. ಎಡಕ್ಕೆ ಹಾಕಿದರೆ ಮಿನುಗಿತು, ಬಲಕ್ಕೆ ಹಾಕಿದರೆ ಇಲ್ಲ. ಎಲ್‌ಇಡಿಯನ್ನು ತಿರುಗಿಸಿ ಹಾಕಿದೆ. ಈಗ ಬಲಕ್ಕೆ ಮಿನುಗಿತು, ಎಡಕ್ಕೆ ಇಲ್ಲ. ಇಂಥ ಮೀಟರುಗಳಲ್ಲಿ ಆ ಬಲ್ಬು ಎಡ ಮತ್ತು ಬಲ ವೈರುಗಳ ನಡುವೆ ಕೂತಿರುತ್ತದೆ. ಎಡ ಹಾಕಿದಾಗ ಕರೆಂಟು ಅದರ ಮೂಲಕ ಬಲಗಡೆಯ ಬಲ್ಬುಗಳಿಗೆ ಹೋಗಿ ಅರ್ತ್ ಸೇರುತ್ತದೆ, ಬಲ ಹಾಕಿದಾಗ ಉಲ್ಟಾ. ಫಿಲಮೆಂಟಿಗೆ ಎತ್ತ ಹರಿದರೂ ಒಂದೇ, ಎಲ್‌ಇಡಿ ಒಂದು ಕಡೆಗೆ ಮಾತ್ರ ಬಿಡುತ್ತದೆ. ಹಳೆಯ ಸಣ್ಣ ಬಲ್ಬನ್ನೇ ಮತ್ತೆ ಕೂರಿಸಿದೆ.

ಇನ್ನು ಆ ಬ್ಯಾಟರಿ ದೀಪ. ಎಲ್‌ಇಡಿ ಹಾಕಿದ ಮೇಲೆ ಕೀ ತಿರುಗಿಸಿದಾಗ ಸರಿಯಾಗಿಯೇ ಹತ್ತಿತು. ಸ್ಟಾರ್ಟ್ ಆದ ಮೇಲೆ ಆರಲಿಲ್ಲ. ಹೊರಟು ಆಕ್ಸಿಲರೇಟರ್ ಜೋರಾಗಿ ಒತ್ತಿದಾಗ ತಟ್ಟನೆ ಆರಿತು. ಮರುದಿನವೂ ಹಾಗೇ. ಮೆಕ್ಯಾನಿಕ್‌ಗೆ ತೋರಿಸಿದೆ. ಅವರು ಕಿವಿಗೊಟ್ಟು ಎಂಜಿನ್ ಕೇಳಿ, “ಆಲ್ಟರ್ನೇಟರ್ ಹೋಗೋ ಹಂತದಲ್ಲಿದೆ ಸಾರ್, ಬಿಚ್ಚಿ ನೋಡ್ಬೇಕು” ಎಂದರು. ಎಂಜಿನ್ ಓಡುವಾಗ ವಿದ್ಯುತ್ ಹುಟ್ಟಿಸಿ ಬ್ಯಾಟರಿಗೆ ಚಾರ್ಜ್ ಕೊಡುವ ಯಂತ್ರ ಅದು. “ಒಂದೆರಡು ದಿನ ತಡೀರಿ, ಮತ್ತೆ ಬರ್ತೀನಿ” ಎಂದು ವಾಪಸ್ ತಂದೆ. ಅವರ ತಪ್ಪೇನಿಲ್ಲ, ಬಲ್ಬು ಬದಲಿಸಿದ್ದನ್ನು ನಾನು ಹೇಳಿರಲೇ ಇಲ್ಲ.

ಮನೆಯಲ್ಲಿ ಎಂಜಿನ್ ಐಡಲಿಂಗ್‌ನಲ್ಲಿಟ್ಟು ಬ್ಯಾಟರಿಗೆ ಮಲ್ಟಿಮೀಟರ್ ಹಿಡಿದೆ: 12.3 ವೋಲ್ಟ್. ಅಂದರೆ ಚಾರ್ಜೇ ಆಗುತ್ತಿಲ್ಲ. ಆಕ್ಸಿಲರೇಟರ್ ಒಂದು ಸಲ ಏರಿಸಿ ಬಿಟ್ಟೆ. ದೀಪ ಆರಿತು, 14.1 ಆಯಿತು, ಐಡಲಿಂಗಿಗೆ ಇಳಿದ ಮೇಲೂ ಅಲ್ಲೇ ನಿಂತಿತು. ಆಲ್ಟರ್ನೇಟರ್ ಗಟ್ಟಿಮುಟ್ಟಾಗಿದೆ, ಅದನ್ನು ಎಬ್ಬಿಸುವವರು ಇಲ್ಲ ಅಷ್ಟೇ.

ಎಬ್ಬಿಸುವ ಕೆಲಸ ಆ ದಪ್ಪ ಬಲ್ಬಿನದ್ದಾಗಿತ್ತು. ಹಳೆಯ ಅನೇಕ ಕಾರುಗಳಲ್ಲಿ ಕೀ ತಿರುಗಿಸಿದಾಗ ಬ್ಯಾಟರಿಯ ಕರೆಂಟು ಈ ಬಲ್ಬನ್ನು ಹಾದೇ ಆಲ್ಟರ್ನೇಟರಿನ ಒಳಗೆ ಸುತ್ತುವ ಸುರುಳಿಗೆ ಹೋಗಿ ಅದನ್ನು ಅಯಸ್ಕಾಂತ ಮಾಡುತ್ತದೆ. ಆ ಅಯಸ್ಕಾಂತ ತಿರುಗಿದರೇ ವಿದ್ಯುತ್ ಹುಟ್ಟುವುದು. ಹುಟ್ಟಿದ ಮೇಲೆ ಬಲ್ಬಿನ ಎರಡೂ ತುದಿಗೆ ಒಂದೇ ವೋಲ್ಟೇಜ್ ಬಂದು ದೀಪ ಆರುತ್ತದೆ. 3 ವ್ಯಾಟಿನ ಬಲ್ಬು ಕಾಲು ಆಂಪಿಯರ್ ದಾಟಿಸುತ್ತಿತ್ತು; ನನ್ನ ಎಲ್‌ಇಡಿ ದಾಟಿಸುತ್ತಿದ್ದದ್ದು ಅದರಲ್ಲಿ ಹತ್ತನೇ ಒಂದು ಭಾಗವೂ ಇಲ್ಲ. ಎಂಜಿನ್ ಜೋರಾಗಿ ತಿರುಗಿದಾಗ ಕಬ್ಬಿಣದಲ್ಲಿ ಉಳಿದುಕೊಂಡಿದ್ದ ಅಲ್ಪಸ್ವಲ್ಪ ಅಯಸ್ಕಾಂತ ಗುಣವೇ ಸಾಕಾಗಿ ಆಲ್ಟರ್ನೇಟರ್ ತಾನಾಗಿ ಎದ್ದುಕೊಳ್ಳುತ್ತಿತ್ತು. ಎಲ್‌ಇಡಿಯ ಜೊತೆಗೆ ಸಮಾನಾಂತರವಾಗಿ ರೆಸಿಸ್ಟರ್ ಹಾಕಿಯೂ ಇದನ್ನು ಸರಿಪಡಿಸಬಹುದು. ಆದರೆ ಮೀಟರಿನ ಹಿಂದೆ ಬಿಸಿಯಾಗುವ ಇನ್ನೊಂದು ವಸ್ತು ನನಗೆ ಬೇಕಿರಲಿಲ್ಲ. ಹಳೆಯ ಬಲ್ಬನ್ನೇ ಒರೆಸಿ ಹಾಕಿದೆ. ಕೀ ತಿರುಗಿಸಿದೆ, ಸ್ಟಾರ್ಟ್ ಆಯಿತು, ಆ ಗಳಿಗೆಯಲ್ಲೇ ದೀಪ ಆರಿತು.

ಕೊನೆಗೆ ಉಳಿದದ್ದು ಹೀಗೆ: ಮುಖಕ್ಕೆ 3 ವ್ಯಾಟಿನ ನಾಲ್ಕು ಹೊಸ ಫಿಲಮೆಂಟ್ ಬಲ್ಬು, ಹಸಿರು ಟೋಪಿ ಸಮೇತ. ಬ್ಯಾಟರಿಗೆ, ಇಂಡಿಕೇಟರಿಗೆ ಹಳೆಯವೇ. ಹೈ ಬೀಮಿನ ಎಲ್‌ಇಡಿಯನ್ನೂ ತೆಗೆದೆ, ಆ ನೀಲಿ ರಾತ್ರಿ ಕಣ್ಣಿಗೆ ಚುಚ್ಚುತ್ತಿತ್ತು. ಆಯಿಲ್ ಮತ್ತು ಹ್ಯಾಂಡ್‌ಬ್ರೇಕಿಗೆ ಮಾತ್ರ ಎಲ್‌ಇಡಿ ಬಿಟ್ಟಿದ್ದೇನೆ, ಸುಡುಬಿಸಿಲಿನಲ್ಲೂ ಎದ್ದು ಕಾಣುತ್ತದೆ ಎಂಬ ಕಾರಣಕ್ಕೆ. ಪೆಟ್ಟಿಗೆ ಮುಚ್ಚುವ ಮೊದಲು ವೈರು ಚುಚ್ಚಿ ಹನ್ನೊಂದನ್ನೂ ಹಚ್ಚಿ ನೋಡಿದೆ. ಎಲ್‌ಇಡಿ ಎರಡರಲ್ಲಿ ಒಂದು ಉಲ್ಟಾ ಕೂತಿತ್ತು, ತಿರುಗಿಸಿ ಹಾಕಿದ ಮೇಲೆ ಹತ್ತಿತು. ಪೂರ್ತಿ ಜೋಡಿಸಿದ ಮೇಲೆ ಗೊತ್ತಾಗಿದ್ದರೆ ಮತ್ತೊಮ್ಮೆ ಕೇಬಲ್ ಕಳಚುವ ಸೇವೆ ಇತ್ತು.

ಈಗ ಡಿಮ್ಮರ್ ತಿರುಗಿಸಿದರೆ ಬೆಳಕು ತಗ್ಗುತ್ತ ತಗ್ಗುತ್ತ ಹಳದಿಗೆ ತಿರುಗಿ ನಿಲ್ಲುತ್ತದೆ. ಮೊನ್ನೆ ಎಸಿ ತಿರುಪಿನ ಹಿಂದಿನ ಬಲ್ಬು ಹೋಯಿತು. ಅದನ್ನು ತಲುಪಬೇಕಾದರೆ ಡ್ಯಾಶ್‌ಬೋರ್ಡಿನ ನಡುಭಾಗವನ್ನೇ ಬಿಚ್ಚಬೇಕು. ಸದ್ಯಕ್ಕೆ ಕೈಯಂದಾಜಿನಲ್ಲೇ ತಿರುಗಿಸುತ್ತಿದ್ದೇನೆ.