ಚರಂಡಿಯ ಕಡತ ತೆರೆದು ನೋಡಿದ ಮೇಲೆ

ವಾರ್ಡಿನ ರಾಜಕೀಯದಲ್ಲಿ ಕೂಗಾಡುವವರಿಗೆ ಬರವಿಲ್ಲ, ಕಡತ ಓದುವವರಿಗೆ ಇದೆ. ನಮ್ಮ ಅಡ್ಡರಸ್ತೆಯ ಮಳೆನೀರು ಚರಂಡಿಯ ಬೆನ್ನು ಹತ್ತಿದಾಗ ನಾನು ಕಡತದ ದಾರಿ ಹಿಡಿದೆ.

ಅಷ್ಟರಲ್ಲಿ ಮನವಿ ಪತ್ರಗಳು ಸಾಕಷ್ಟು ಹೋಗಿದ್ದವು. ರಸ್ತೆಯವರೆಲ್ಲ ಸಹಿ ಹಾಕಿದ್ದೂ ಆಗಿತ್ತು, ಕಾರ್ಪೊರೇಟರ್ ಮೇಡಂ ಕೈಗೆ ಕೊಟ್ಟು ಫೋಟೊ ತೆಗೆಸಿಕೊಂಡದ್ದೂ ಆಗಿತ್ತು. ಸಿಗುತ್ತಿದ್ದ ಉತ್ತರ ಒಂದೇ: "ಅನುದಾನ ಬಂದಿಲ್ಲ ಸಾರ್, ಬಂದ ತಕ್ಷಣ ಮಾಡಿಸೋಣ." ಯಾವ ಅನುದಾನ? ಕೇಂದ್ರ ಹಣಕಾಸು ಆಯೋಗದ್ದೋ, ರಾಜ್ಯ ಹಣಕಾಸು ಆಯೋಗದ್ದೋ (ಎಸ್‌ಎಫ್‌ಸಿ), ಪಾಲಿಕೆಯ ಸ್ವಂತ ತೆರಿಗೆ ಹಣವೋ? ಅದು ಗೊತ್ತಿಲ್ಲದೆ ಜಗಳಕ್ಕೆ ನಿಂತರೆ ಗಾಳಿ ಗುದ್ದಿ ಮೈ ನೋಯಿಸಿಕೊಂಡಂತೆ.

ಸುಳಿವು ಕೊಟ್ಟವನು ನೀರು ಬಿಡುವ ವಾಲ್ವ್‌ಮನ್. "ನಿಮ್ಮ ರಸ್ತೆ ಚರಂಡಿ ಕೆಲಸ ಆಗಿದೆ ಅಂತಾರಲ್ಲ ಸಾರ್, ಆ ಮೂಲೆತನಕ." ಮೂಲೆತನಕ ಆಗಿದ್ದು ನಿಜ. ಅಲ್ಲಿಂದ ಈಚೆಗೆ ಬರಲಿಲ್ಲ. (ವಾಲ್ವ್‌ಮನ್, ಪೌರಕಾರ್ಮಿಕರು, ಬೀದಿದೀಪದ ಲೈನ್‌ಮನ್ ಇವರ ಜೊತೆ ಮಾತು ಬಿಡಬೇಡಿ. ವಾರ್ಡಿನ ಸುದ್ದಿ ಕಚೇರಿಗಿಂತ ಮೊದಲು ಇವರಿಗೆ ಗೊತ್ತಿರುತ್ತದೆ.)

ಮಾಹಿತಿ ಹಕ್ಕು ಕಾಯ್ದೆ 2005ರಿಂದ ಇದೆ. ಅರ್ಜಿ ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ನಡೆಯುತ್ತದೆ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, ಅದೂ 150 ಪದಗಳ ಒಳಗೆ. "ಯಾಕೆ ಕೆಲಸ ಮಾಡಿಲ್ಲ" ಎಂದು ಕೇಳಿದರೆ ಅರ್ಜಿ ವ್ಯರ್ಥ. ವಿವರಣೆ ಕೊಡುವ ಬಾಧ್ಯತೆ ಅವರಿಗಿಲ್ಲ, ಇರುವ ದಾಖಲೆ ತೋರಿಸುವ ಬಾಧ್ಯತೆ ಇದೆ. ನಾನು ಕೇಳಿದ್ದು ನಮ್ಮ ರಸ್ತೆಯ ಚರಂಡಿ ಕಾಮಗಾರಿಯ ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕ, ಬಿಲ್ಲು. ಅದೂ ಜೆರಾಕ್ಸ್ ಪ್ರತಿ ಅಲ್ಲ. ಸೆಕ್ಷನ್ 2(ಜೆ) ಪ್ರಕಾರ ಕಡತವನ್ನೇ ಕೂತು ನೋಡಲು ಅವಕಾಶ. ಪ್ರತಿ ಕೇಳಿದರೆ ಅವರು ಆರಿಸಿದ ಹಾಳೆಗಳು ಬರುತ್ತವೆ. ಕಡತ ಕೈಗೆ ಬಂದರೆ ಅಧಿಕಾರಿಗಳು ಅಭಿಪ್ರಾಯ ಬರೆಯುವ ಟಿಪ್ಪಣಿ ಹಾಳೆಯೂ ಕಣ್ಣಿಗೆ ಬೀಳುತ್ತದೆ. 30 ದಿನ ಕಳೆದರೂ ಸದ್ದಿಲ್ಲ. ಮೊದಲ ಮೇಲ್ಮನವಿ ಹಾಕಿ, ಟಪಾಲು ವಿಭಾಗದಲ್ಲಿ ಸ್ವೀಕೃತಿ ಸೀಲ್ ಹಾಕಿಸಿಕೊಂಡು ಬಂದ ಮೇಲೆ, ಬಂದು ಕಡತ ನೋಡಿ ಎಂದು ಫೋನ್ ಬಂತು.

ಗುತ್ತಿಗೆದಾರ ದುಡ್ಡು ನುಂಗಿದ್ದಾನೆ ಎಂಬುದು ರಸ್ತೆಯವರೆಲ್ಲರ ನಂಬಿಕೆ. ಅಂದಾಜು ಪಟ್ಟಿಯಲ್ಲಿ ಇಡೀ ಅಡ್ಡರಸ್ತೆಯ ಉದ್ದವಿತ್ತು. ಆದರೆ ಅಳತೆ ಪುಸ್ತಕದಲ್ಲಿ ಬರೆದದ್ದು ಮೂಲೆತನಕದ ಉದ್ದ ಮಾತ್ರ, ಬಿಲ್ಲು ಆದದ್ದೂ ಅಷ್ಟಕ್ಕೇ. ಮನೆಗೆ ಬಂದು ಟೇಪ್ ಹಿಡಿದು ಅಳೆದೆವು, ಲೆಕ್ಕ ಸರಿಯಾಗಿತ್ತು. ಉಳಿದ ಭಾಗ ಯಾಕೆ ನಿಂತಿತು ಎಂಬುದಕ್ಕೆ ಟಿಪ್ಪಣಿ ಹಾಳೆಯಲ್ಲಿ ಜೆಇ (ಜೂನಿಯರ್ ಇಂಜಿನಿಯರ್) ಒಂದೇ ಸಾಲು ಬರೆದಿದ್ದರು: ಮನೆಗಳ ಮುಂದಿನ ರ‍್ಯಾಂಪ್ ತೆರವಿಗೆ ನಿವಾಸಿಗಳಿಂದ ಆಕ್ಷೇಪಣೆ.

ನಿವಾಸಿಗಳು ಎಂದರೆ ನಾವೇ. ಮನವಿಗೆ ಎಲ್ಲರಿಗಿಂತ ಮೊದಲು ಸಹಿ ಹಾಕಿದವರ ಹೆಸರೂ ಆಕ್ಷೇಪಣೆಯಲ್ಲಿತ್ತು.

ಇದನ್ನು ಸಭೆಯಲ್ಲಿ ಎತ್ತಿ ಆಡಲಿಲ್ಲ. ಒಬ್ಬೊಬ್ಬರ ಮನೆಗೆ ಹೋದೆ. ಎದುರು ಮನೆಯ ರಾಯರು ಒಪ್ಪಿಕೊಂಡೇ ಬಿಟ್ಟರು: "ಕೊಟ್ಟಿದ್ದು ಹೌದು ಕಣಯ್ಯಾ. ರ‍್ಯಾಂಪ್ ಒಡೆದು ಹೋದರೆ ಮತ್ತೆ ಕಟ್ಟಿಕೊಡೋರು ಯಾರು? ಕಾರು ಒಳಗೆ ಹೇಗೆ ತರಲಿ?" ನ್ಯಾಯವಾದ ಪ್ರಶ್ನೆಯೇ. ಆದರೆ ಅದನ್ನು ಯಾರೂ ಇಂಜಿನಿಯರ್ ಮುಂದೆ ಇಟ್ಟಿರಲಿಲ್ಲ. ಚರಂಡಿಯ ಮೇಲೆ ಕಾರಿನ ಭಾರ ತಡೆಯುವ, ಹೂಳೆತ್ತಲು ಎತ್ತಿಡಬಹುದಾದ ಚಪ್ಪಡಿ ಹಾಕಿಸಿದರೆ ರ‍್ಯಾಂಪ್ ಒಡೆಯಲು ಬಿಡುತ್ತೇವೆ ಎಂದು ಆಕ್ಷೇಪಿಸಿದವರೇ ಬರೆದುಕೊಟ್ಟರು. ನನ್ನ ಲೆಕ್ಕದಲ್ಲಿ ಇಡೀ ಕೆಲಸ ಗೆದ್ದದ್ದು ಈ ಒಂದು ಹಾಳೆಯಿಂದ.

ಅದನ್ನು ಹಿಡಿದು ವಾರ್ಡ್ ಸಮಿತಿಗೆ ಹೋದೆವು. ವಾರ್ಡ್ ಸಮಿತಿಗಳಿಗೆ ದಾರಿ ಮಾಡಿಕೊಟ್ಟ ಸಂವಿಧಾನದ 74ನೇ ತಿದ್ದುಪಡಿ 1993ರಲ್ಲೇ ಜಾರಿಗೆ ಬಂದರೂ ಇಂಥ ಸಮಿತಿ ಇದೆಯೆಂದು ನಮ್ಮ ರಸ್ತೆಯಲ್ಲಿ ಹೆಚ್ಚಿನವರಿಗೆ ತಿಳಿದಿರಲಿಲ್ಲ. 1976ರ ಕರ್ನಾಟಕ ಪೌರ ನಿಗಮಗಳ ಅಧಿನಿಯಮದ ಪ್ರಕಾರ ಕಾರ್ಪೊರೇಟರ್ ಇದರ ಅಧ್ಯಕ್ಷರು, ನಾಮನಿರ್ದೇಶಿತ ಸದಸ್ಯರು 10. ಅವರಲ್ಲಿ ಕನಿಷ್ಠ ಮೂವರು ಮಹಿಳೆಯರು, ಪರಿಶಿಷ್ಟ ಜಾತಿ-ಪಂಗಡದ ಇಬ್ಬರು, ನಿವಾಸಿ ಸಂಘಗಳ ಇಬ್ಬರು ಇರಬೇಕು. ತಿಂಗಳಿಗೊಮ್ಮೆ ಸೇರಬೇಕು. ಸದಸ್ಯರಲ್ಲಿ ಹೆಚ್ಚಿನವರು ಕಾರ್ಪೊರೇಟರ್ ಕಡೆಯವರೇ ಆಗಿರುತ್ತಾರೆ, ಅದಕ್ಕೆ ಬೇಸರಪಟ್ಟು ಪ್ರಯೋಜನವಿಲ್ಲ. ಮೊದಮೊದಲು ಮೇಡಂ ಬದಲು ಅವರ ಯಜಮಾನರೇ ಮಾತಾಡುತ್ತಿದ್ದರು. ಕೊನೆಗೊಮ್ಮೆ ಸಮಿತಿಯ ಮಹಿಳಾ ಸದಸ್ಯರೊಬ್ಬರು "ಅಣ್ಣಾ, ನೀವು ಸುಮ್ಮನಿರಿ, ಮೇಡಂ ಹೇಳಲಿ" ಎಂದರು. ಮಳೆಗಾಲದಲ್ಲಿ ಆ ಸದಸ್ಯೆಯ ಮನೆಯ ನೀರಿನ ಸಂಪ್‌ಗೆ ಚರಂಡಿ ನೀರು ನುಗ್ಗಿತ್ತು. ಮೇಡಂ ಹೇಳಿದರು, ಚೆನ್ನಾಗಿಯೇ ಹೇಳಿದರು. ಆಕ್ಷೇಪಣೆಯ ವಿಷಯ ಅವರಿಗೂ ಅಲ್ಲಿಯವರೆಗೆ ತಿಳಿದಿರಲಿಲ್ಲ.

ಸಭೆಯಲ್ಲಿ ಏನು ಮಾತಾಡಿದಿರಿ ಎಂಬುದಕ್ಕಿಂತ ನಡಾವಳಿ ಪುಸ್ತಕದಲ್ಲಿ ಏನು ಬರೆದರು ಎಂಬುದನ್ನು ನೋಡಿಕೊಳ್ಳಿ. "ಚರ್ಚಿಸಲಾಯಿತು" ಎಂದು ಬರೆದರೆ ವಿಷಯ ಅಲ್ಲಿಗೆ ಮುಗಿಯಿತು. ಯಾರು, ಏನು, ಯಾವಾಗಿನ ಒಳಗೆ ಮಾಡಬೇಕು ಎಂದು ಬರೆಸಿ, ಅಧ್ಯಕ್ಷರ ಸಹಿ ಬೀಳುವತನಕ ಕುರ್ಚಿ ಬಿಡಬಾರದು. ನಾವು ಹಾಗೆ ಕೂತಾಗ ಟೀ ಕೊಡುವ ಹುಡುಗ ಲೋಟ ಎತ್ತಿಕೊಂಡು ಹೋಗಿದ್ದ, ಫ್ಯಾನ್ ಆರಿಸಿದ್ದರು. ಬರೆಸಿಕೊಂಡೇ ಎದ್ದೆವು. ಆ ನಡಾವಳಿಯ ಆಧಾರದ ಮೇಲೆಯೇ ಉಳಿದ ಭಾಗ ಮುಂದಿನ ಕ್ರಿಯಾ ಯೋಜನೆಗೆ ಸೇರಿತು.

ಇನ್ನೊಂದು ವಿಷಯ. ಅವಧಿಯ ಕೊನೆಯ ವರ್ಷದಲ್ಲಿ ಹೊಸ ಕೆಲಸ ಹಿಡಿದುಕೊಂಡು ಹೋಗಬೇಡಿ. ವಾರ್ಡ್ ಮೀಸಲಾತಿ ಬದಲಾಗುವುದರಿಂದ ಈಗಿನ ಕಾರ್ಪೊರೇಟರ್‌ಗೆ ಅದೇ ವಾರ್ಡಿನಲ್ಲಿ ಮತ್ತೆ ನಿಲ್ಲಲು ಅವಕಾಶ ಸಿಗುತ್ತದೆಂಬ ಖಾತ್ರಿ ಇರುವುದಿಲ್ಲ. ಮನಸ್ಸು ಆಗಲೇ ಬೇರೆ ಕಡೆ ಇರುತ್ತದೆ. ಹೊಸಬರು ಗೆದ್ದ ಮೊದಲ ವರ್ಷವೇ ಒಳ್ಳೆಯದು. ಪಾಲಿಕೆ ಬಜೆಟ್ ತಯಾರಿ ಶುರುವಾಗುವ ಮುನ್ನ ನಡಾವಳಿಯ ಪ್ರತಿ ವಲಯ ಕಚೇರಿಗೆ ತಲುಪಿರಬೇಕು.

ನಮ್ಮ ಚರಂಡಿ ಈಗ ಆಗಿದೆ. ರಾಯರ ಕಾರು ಚಪ್ಪಡಿಯ ಮೇಲೆ ಸರಾಗವಾಗಿ ಹೋಗುತ್ತದೆ. ಆದರೆ ನೀರೆಲ್ಲ ಕೆಳಗಿನ ರಸ್ತೆಯ ತಿರುವಿಗೆ ಹೋಗಿ ನಿಲ್ಲುತ್ತಿದೆ, ಅಲ್ಲಿಯವರು ನಮ್ಮ ಮೇಲೆ ಸಿಟ್ಟಾಗಿ ಮನವಿಗೆ ಸಹಿ ಸಂಗ್ರಹಿಸುತ್ತಿದ್ದಾರೆ. ಆ ತಿರುವಿನಿಂದ ರಾಜಕಾಲುವೆವರೆಗಿನ ಕಾಮಗಾರಿಯ ಕಡತ ನೋಡಲು ಅವರೂ ನಾವೂ ಸೇರಿ ಅರ್ಜಿ ಹಾಕಿದ್ದೇವೆ.