ಒಂದು ಪಾತ್ರೆ, ಒಂದು ಬಟ್ಟೆ ಚೀಲ, 10 ಲೀಟರ್ ಬಿಯರ್

ಮೆಲ್ಬರ್ನ್‌ಗೆ ಬಂದ ಹೊಸದರಲ್ಲಿ ನಾನೂ ಎಲ್ಲರ ಥರ ಡಬ್ಬಿ ಕಿಟ್‌ನಿಂದಾನೇ ಶುರು ಮಾಡಿದ್ದು, ಮೊಳಕೆ ಬಾರ್ಲಿಯ ಮಾಲ್ಟ್ ಪಾಕಕ್ಕೆ ಸಕ್ಕರೆ ನೀರು ಹಾಕಿ ಕಲಸಿ ಯೀಸ್ಟ್ ಉದುರಿಸಿದ್ರೆ ಮುಗೀತು, ಕುಡಿಯೋಕೆ ಆಗತ್ತೆ, ಅಷ್ಟೇ. ಧಾನ್ಯದಿಂದ ಮಾಡ್ಬೇಕು ಅಂದ್ರೆ ಮೂರು ಪಾತ್ರೆ, ಪಂಪು, ಪೈಪು ಎಲ್ಲ ಬೇಕು ಅಂತ ಹೆದರ್ಕೊಂಡು ಎರಡು ವರ್ಷ ದಂಡ ಮಾಡ್ದೆ. ಆಮೇಲೆ ಗೊತ್ತಾಯ್ತು ಒಂದು ಚೀಲ ಸಾಕು ಅಂತ. ಈ ಪದ್ಧತಿ ಬೆಳೆದಿದ್ದೇ ಆಸ್ಟ್ರೇಲಿಯಾದಲ್ಲಿ, ಮನೇಲಿ ಬಿಯರ್ ಮಾಡೋರ ಕೈಲಿ, ಬ್ರೂ ಇನ್ ಎ ಬ್ಯಾಗ್ ಅಂತ ಹೆಸರು.

ಮೊದಲೇ ಹೇಳ್ಬಿಡ್ತೀನಿ, ಇಲ್ಲಿ ನಮ್ಮ ಮಟ್ಟಿಗೆ ಮಾಡ್ಕೊಂಡು ಕುಡಿಯೋಕೆ ಅಡ್ಡಿ ಇಲ್ಲ, ಮಾರೋ ಹಾಗಿಲ್ಲ. ಊರಲ್ಲಿ ಲೈಸೆನ್ಸ್ ಇಲ್ದೆ ಮಾಡಿದ್ರೆ ಅಬಕಾರಿ ಕಾಯ್ದೆ ಪ್ರಕಾರ ಅಪರಾಧ, ಹಾಗಾಗಿ ಬೆಂಗಳೂರಲ್ಲಿರೋರು ಓದಿ ಖುಷಿಪಟ್ಟು ಬಿಟ್ಬಿಡಿ.

20 ಲೀಟರ್ ಸ್ಟೀಲ್ ಪಾತ್ರೆ ಇದ್ರೆ ಅಡಿಗೆಮನೆ ಸ್ಟವ್ ಮೇಲೇ 10 ಲೀಟರ್ ಪೇಲ್ ಏಲ್, ಅಂದ್ರೆ ತಿಳಿ ಬಣ್ಣದ ಒಂದು ಥರದ ಬಿಯರ್, ಮಾಡ್ಬೋದು. ಚೀಲಕ್ಕೆ ವಾಯಿಲ್ ಬಟ್ಟೆ, ಕಿಟಕಿ ಪರದೆಗೆ ಹಾಕ್ತಾರಲ್ಲ ಆ ತೆಳು ಪಾಲಿಯೆಸ್ಟರ್, ಪಾತ್ರೆ ಒಳಗೆ ಪೂರ್ತಿ ಕೂತು ಅಂಚು ಹೊರಗೆ ಮಡಚೋ ಅಷ್ಟು ದೊಡ್ಡದಾಗಿ ಹೊಲಿಸಿ. ಧಾನ್ಯ ಪೇಲ್ ಮಾಲ್ಟ್ 2.1 ಕೆಜಿ, ಕ್ರಿಸ್ಟಲ್ ಮಾಲ್ಟ್ 200 ಗ್ರಾಂ, ಎರಡೂ ಬಾರ್ಲಿನೇ. ಹೋಮ್‌ಬ್ರೂ ಅಂಗಡೀಲೇ ಒಡೆಸ್ಕೊಂಡು ಬನ್ನಿ, ಗೋಧಿ ನುಚ್ಚಿನ ಹದಕ್ಕೆ ಬರ್ಬೇಕು, ಮಿಕ್ಸಿಗೆ ಹಾಕಿ ಹಿಟ್ಟು ಮಾಡಿದ್ರೋ ಚೀಲದಿಂದ ನೀರು ಇಳಿಯೋದೇ ಇಲ್ಲ.

16 ಲೀಟರ್ ನೀರನ್ನ 69 ಡಿಗ್ರಿಗೆ ಕಾಯಿಸಿ, ಸ್ಟವ್ ಆರಿಸಿ, ಚೀಲ ಇಳಿಸಿ, ಧಾನ್ಯನ ನಿಧಾನಕ್ಕೆ ಸುರೀತಾ ಕೈಯಾಡಿಸಿ, ರಾಗಿ ಮುದ್ದೆಗೆ ತಿರುವೋ ಹಾಗೆ ಗಂಟಿಲ್ದೆ. ಧಾನ್ಯ ತಣ್ಣಗಿರೋದ್ರಿಂದ ಬಿಸಿ 66ಕ್ಕೆ ಬಂದು ನಿಲ್ಲತ್ತೆ, ಅದೇ ನಮಗೆ ಬೇಕಾಗಿರೋದು. ಮುಚ್ಚಳ ಮುಚ್ಚಿ ಹಳೇ ಕಂಬಳಿ ಸುತ್ತಿ ಒಂದು ಗಂಟೆ ಬಿಟ್ಬಿಡಿ.

ಒಳಗೆ ಏನಾಗ್ತಿದೆ ಅನ್ನೋದು ಮಗೂಗೆ ಮೊಳಕೆ ರಾಗಿ ಸರಿ ಕಾಯಿಸಿದವರಿಗೆ ಗೊತ್ತಿರತ್ತೆ. ಬರೀ ರಾಗಿ ಹಿಟ್ಟಾದ್ರೆ ಗಟ್ಟಿ ಆಗತ್ತೆ, ಅಷ್ಟೇ ಮೊಳಕೆ ಹಿಟ್ಟು ಹಾಕಿದ್ರೆ ತೆಳ್ಳಗೇ ಇರತ್ತೆ, ಸ್ವಲ್ಪ ಸಿಹಿ ಬೇರೆ. ಮೊಳಕೆ ಬಂದಾಗ ಹುಟ್ಟೋ ಅಮೈಲೇಸ್ ಎಂಜೈಮ್ ಪಿಷ್ಟನ ಕತ್ತರಿಸಿ ಸಕ್ಕರೆ ಮಾಡತ್ತೆ, ಮಾಲ್ಟ್ ಅಂದ್ರೂ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿನೇ ತಾನೆ. 63-64 ಡಿಗ್ರಿಲಿ ಇಟ್ರೆ ಯೀಸ್ಟ್ ತಿನ್ನೋ ಸಕ್ಕರೆ ಜಾಸ್ತಿ ಆಗಿ ಬಿಯರ್ ಡ್ರೈ ಆಗತ್ತೆ, 69 ಆದ್ರೆ ಯೀಸ್ಟ್ ತಿನ್ನದೇ ಬಿಡೋ ಸಕ್ಕರೆ ಉಳಿದು ಬಾಯಿಗೆ ದಪ್ಪ ಅನ್ಸತ್ತೆ. ಅದಕ್ಕೇ ಬೇರೆ ಎಲ್ಲದರಲ್ಲೂ ಜುಗ್ಗತನ ಮಾಡಿ, ಥರ್ಮಾಮೀಟರಲ್ಲಿ ಮಾಡ್ಬೇಡಿ.

ಬಿಸಿ ಎರಡು ಡಿಗ್ರಿ ಇಳಿದ್ರೆ ಪರವಾಗಿಲ್ಲ, ಚೀಲ ತಳಕ್ಕೆ ತಾಗಿರೋವಾಗ ಮಾತ್ರ ಸ್ಟವ್ ಹಚ್ಚಬೇಡಿ. ನಾನು ಒಂದ್ಸಲ ಹಚ್ಚಿ, ಚೀಲ ಕರಗಿ ತೂತಾಗಿ, ಎರಡು ಕೆಜಿ ಧಾನ್ಯ ಪಾತ್ರೆ ತುಂಬ ತೇಲಿ, ಕೊನೆಗೆ ನನ್ನ ಪಂಚೇಲಿ ಸೋಸಿದ್ದು. ಪಂಚೆ ಮತ್ತೆ ಉಡೋಕಾಗ್ಲಿಲ್ಲ.

ಗಂಟೆ ಆದ್ಮೇಲೆ ಚೀಲ ಎತ್ತಿ ಜರಡಿ ಮೇಲೆ ಇಟ್ಟು ಬಸಿಯೋಕೆ ಬಿಡಿ, ರಬ್ಬರ್ ಗ್ಲೌಸ್ ಹಾಕ್ಕೊಂಡು ಹಿಂಡಿ ಕೂಡ. ಹಿಂಡಿದ್ರೆ ಒಗರು ಬರತ್ತೆ ಅಂತ ಕೆಲವರು ಹೆದರಿಸ್ತಾರೆ, ಒಗರು ಬರೋದು ನೀರು ಅತಿ ಬಿಸಿಯಾಗಿ ಪಿಎಚ್ ಜಾಸ್ತಿ ಇದ್ರೆ, ನಾನು ಪ್ರತಿ ಸಲ ಹಿಂಡ್ತೀನಿ. ಉಳಿದ ಹೊಟ್ಟು ಗಿಡಕ್ಕೋ ಕೋಳಿಗೋ ಹಾಕಿ, ರೊಟ್ಟಿಗೆ ಕಲಸೋಕೆ ಹೋಗ್ಬೇಡಿ, ಗಂಟಲಿಗೆ ಚುಚ್ಚತ್ತೆ.

ಈಗ ಪಾತ್ರೇಲಿ ಸುಮಾರು 14 ಲೀಟರ್ ಸಿಹಿನೀರು ಇರತ್ತೆ, ಅದಕ್ಕೆ ವರ್ಟ್ ಅಂತಾರೆ. ಮುಚ್ಚಳ ತೆಗೆದು ಒಂದು ಗಂಟೆ ಕುದಿಸಿ, ಮುಚ್ಚಿದ್ರೆ ಬೇಯಿಸಿದ ಜೋಳದ ವಾಸನೆ ಉಳಿಯತ್ತೆ. ಮೊದಲ ಕುದಿ ಬರೋವಾಗ ಹಾಲಿನ ಥರ ಉಕ್ಕತ್ತೆ, ಅಲ್ಲೇ ನಿಂತಿರಿ. ಬಿಯರ್‌ಗೆ ಕಹಿ, ಘಮ ಕೊಡೋದು ಹಾಪ್ಸ್ ಅನ್ನೋ ಬಳ್ಳಿಯ ಹೂವು, ಕ್ಯಾಸ್ಕೇಡ್ ಅದರದ್ದೊಂದು ತಳಿ. ಕುದಿ ಶುರುವಾದಾಗ ಕ್ಯಾಸ್ಕೇಡ್ ಹಾಪ್ಸ್ 20 ಗ್ರಾಂ ಕಹಿಗೆ, ಮುಗಿಯೋಕೆ 10 ನಿಮಿಷ ಇರೋವಾಗ 10 ಗ್ರಾಂ, ಸ್ಟವ್ ಆರಿಸಿದ ತಕ್ಷಣ 15 ಗ್ರಾಂ ಘಮಕ್ಕೆ. ನಾಯಿ ಸಾಕಿದ್ರೆ ಹಾಪ್ಸ್ ಅದರ ಬಾಯಿಗೆ ಸಿಗದ ಹಾಗೆ ನೋಡ್ಕೊಳ್ಳಿ, ನಾಯಿಗೆ ಅದು ವಿಷ.

ಇಲ್ಲಿಂದ ಮುಂದೆ ವರ್ಟ್‌ಗೆ ತಾಗೋದೆಲ್ಲ ಸ್ಯಾನಿಟೈಸ್ ಆಗಿರ್ಬೇಕು, ಮಡಿ ಅಂದ್ರೆ ಮಡಿ. ಪಾತ್ರೆನ ಸಿಂಕಲ್ಲಿ ಐಸ್ ನೀರಲ್ಲಿ ಕೂರಿಸಿ 20 ಡಿಗ್ರಿಗೆ ಇಳಿಸಿ, ತಳದ ಗಸಿ ಬಿಟ್ಟು ಫರ್ಮೆಂಟರ್‌ಗೆ, ಅಂದ್ರೆ ಹುದುಗೋಕೆ ಇಡೋ ಮುಚ್ಚಳದ ಡಬ್ಬಕ್ಕೆ, ಮೇಲಿಂದ ನೊರೆ ಬರೋ ಹಾಗೆ ಸುರೀರಿ, ಯೀಸ್ಟ್‌ಗೆ ಶುರುವಲ್ಲಿ ಆಮ್ಲಜನಕ ಬೇಕು. ಸಾಂದ್ರತೆ ಅಳೆಯೋ ಹೈಡ್ರೋಮೀಟರಲ್ಲಿ ಸುಮಾರು 1.045 ತೋರಿಸ್ಬೇಕು, ಬರೀ ನೀರಾದ್ರೆ 1.000. ಸಫೇಲ್ ಯುಎಸ್-05 ಅನ್ನೋ ಒಣ ಯೀಸ್ಟ್ ಅರ್ಧ ಪ್ಯಾಕೆಟ್ ಉದುರಿಸಿ, ಮುಚ್ಚಿ, 18-20 ಡಿಗ್ರಿ ಇರೋ ಕತ್ತಲೆ ಮೂಲೇಲಿ ಎರಡು ವಾರ ಇಡಿ.

ಏರ್‌ಲಾಕ್ (ಗ್ಯಾಸ್ ಹೊರಗೆ ಬಿಟ್ಟು ಗಾಳಿ ಒಳಗೆ ಬಿಡದ, ಮುಚ್ಚಳದ ಮೇಲಿನ ನೀರಿನ ಕೊಳವೆ) ಗುಳುಗುಳು ನಿಂತ ಕೂಡ್ಲೆ ಬಾಟಲಿಗೆ ತುಂಬೋಕೆ ಓಡ್ಬೇಡಿ. ಎರಡು ದಿನ ಬಿಟ್ಟು ಎರಡು ಸಲ ಅಳೆದಾಗ ಒಂದೇ ನಂಬರ್, 1.010 ಆಸುಪಾಸು, ಬಂದ್ರೆ ಮಾತ್ರ ಮುಗಿದಿದೆ ಅಂತ, ಇಲ್ಲಾಂದ್ರೆ ಬಾಟಲಿ ಸಿಡಿಯತ್ತೆ. ಮುಗಿದಿದ್ರೆ ಆಲ್ಕೋಹಾಲ್ 4.6 ಪರ್ಸೆಂಟ್ ಹತ್ರ. ಬಾಟಲೀಲಿ ಗ್ಯಾಸ್ ಹುಟ್ಟೋಕೆ 60 ಗ್ರಾಂ ಸಕ್ಕರೆನ ಸ್ವಲ್ಪ ನೀರಲ್ಲಿ ಕುದಿಸಿ ಆರಿಸಿ, ಬಿಯರ್‌ಗೆ ಅಲ್ಲಾಡಿಸದೆ ಬೆರೆಸಿ ತುಂಬಿ, ದಪ್ಪ ಗಾಜಿನ ಬಿಯರ್ ಬಾಟಲಿನೇ ಬೇಕು, ವೈನ್ ಬಾಟಲಿ ತಡ್ಕೊಳ್ಳಲ್ಲ. ಇನ್ನೆರಡು ವಾರ ರೂಮಲ್ಲೇ ಇಟ್ಟು ಆಮೇಲೆ ಫ್ರಿಜ್‌ಗೆ. ಲೋಟಕ್ಕೆ ಒಂದೇ ಸಲಕ್ಕೆ ಬಗ್ಗಿಸಿ, ತಳದ ಒಂದು ಬೆರಳು ಬಿಟ್ಬಿಡಿ, ಅದು ಯೀಸ್ಟ್, ಕುಡಿದ್ರೆ ಸಾಯಲ್ಲ, ಆದ್ರೆ ರಾತ್ರಿಯೆಲ್ಲ ಹೊಟ್ಟೆ ಗುಡುಗುಡು.