ಆನ್‌ಲೈನ್‌ನಲ್ಲಿ ಎನ್‌95 ಮಾಸ್ಕ್ ತಗೊಳ್ಳೋರು ಗಮನಿಸಿ
ಡಬ್ಬದ ಮೇಲೆ ‘ಎನ್‌95’ ಅಂತ ಯಾರು ಬೇಕಾದರೂ ಅಚ್ಚು ಹಾಕಿಸಬಹುದು. ನಮ್ಮಲ್ಲಿ ನೋಡಬೇಕಾದ್ದು ಐಎಸ್‌ಐ ಗುರುತು. ಅದರ ಮೇಲೆ ಐಎಸ್ 9473 (ಇಂಥ ಮಾಸ್ಕ್‌ಗಳಿಗಿರುವ ಭಾರತೀಯ ಮಾನದಂಡದ ಸಂಖ್ಯೆ), ಕೆಳಗೆ ಸಿಎಂ/ಎಲ್ ಅಂತ ಶುರುವಾಗುವ ಲೈಸೆನ್ಸ್ ನಂಬರ್ ಇರಬೇಕು. ದರ್ಜೆ ಎಫ್‌ಎಫ್‌ಪಿ2 ಅಂತಿರಬೇಕು, ಎನ್‌95ಗೆ ಹೆಚ್ಚುಕಮ್ಮಿ ಸಮನಾದದ್ದು ಅದೇ. ಆ ಲೈಸೆನ್ಸ್ ನಂಬರನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ (ಐಎಸ್‌ಐ ಗುರುತು ಕೊಡುವ ಸರ್ಕಾರಿ ಸಂಸ್ಥೆಯದು) ಹಾಕಿದರೆ ತಯಾರಕರ ಹೆಸರು, ಲೈಸೆನ್ಸ್ ಚಾಲ್ತಿಯಲ್ಲಿದೆಯೋ ಇಲ್ಲವೋ ಎಲ್ಲ ಗೊತ್ತಾಗುತ್ತೆ. ಬೇರೆಯವರ ನಂಬರನ್ನೇ ಅಚ್ಚು ಹಾಕಿರಲೂಬಹುದು, ಹಾಗಾಗಿ ಹೆಸರು ತಾಳೆ ನೋಡದೆ ಬಿಡಬೇಡಿ.

ಅಮೆರಿಕದಲ್ಲಿ ಎನ್‌95 ಮಾಸ್ಕ್‌ಗಳನ್ನು ಪರೀಕ್ಷಿಸುವ ಸರ್ಕಾರಿ ಸಂಸ್ಥೆ ‘ನಿಯೋಶ್’ನ ಮಾನ್ಯತೆ ಇದೆ ಅಂತ ಮಾರುತ್ತಿದ್ದರೆ, ಮಾಸ್ಕ್ ಮೇಲೇ ಟಿಸಿ-84ಎ ಅಂತ ಶುರುವಾಗುವ ಮಾನ್ಯತೆ ನಂಬರ್ ಹುಡುಕಿ. ಪಟ್ಟಿ ತಲೆಯ ಹಿಂದಕ್ಕೆ ಹೋಗದೆ ಕಿವಿಗೆ ಸಿಕ್ಕಿಸುವಂತಿದ್ದರೆ ಅನುಮಾನ ಪಡಿ. ‘ಮಕ್ಕಳ ಸೈಜಿಗೂ ನಿಯೋಶ್’ ಅಂದರಂತೂ ಶುದ್ಧ ಸುಳ್ಳು, ಅವರು ಮಕ್ಕಳ ಮಾಸ್ಕ್‌ಗೆ ಮಾನ್ಯತೆ ಕೊಡುವುದೇ ಇಲ್ಲ.

ಫೋಟೋದಲ್ಲಿ ನಂಬರ್ ಕಾಣದಿದ್ದರೆ ಆರ್ಡರ್ ಮಾಡುವ ಮೊದಲೇ ಮಾರುವವರನ್ನು ಕೇಳಿ. ಚಂದದ ಸರ್ಟಿಫಿಕೇಟ್ ಪಿಡಿಎಫ್ ಕಳಿಸಿದರೆ ನಾನಂತೂ ನಂಬಲ್ಲ.